ಎಳೆಯ ಮಕ್ಕಳಿಗೆ ಅಲರ್ಜಿ ಔಷಧ: ಯಾವುದಕ್ಕೆ, ಯಾವುದು, ಎಷ್ಟು

ದೇಹ ತನ್ನೊಳಗೇ ತಯಾರಿಸಿಕೊಳ್ಳುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಒಂದು. ಚರ್ಮ, ಮೂಗು, ಶ್ವಾಸನಾಳ, ಕರುಳು, ಹೀಗೆ ಹೊರಗಿನ ವಸ್ತುಗಳು ದೇಹವನ್ನು ಮುಟ್ಟುವ ಕಡೆಯಲ್ಲೆಲ್ಲ ಮಾಸ್ಟ್ ಕೋಶಗಳಿರುತ್ತವೆ; ಹಿಸ್ಟಮಿನ್ ಅವುಗಳೊಳಗೆ ಸಣ್ಣ ಕಣಗಳಾಗಿ ತುಂಬಿರುತ್ತದೆ. ಮಗುವಿನ ದೇಹಕ್ಕೆ ಆಗದ ವಸ್ತುವೊಂದು ಬಂದು ತಾಗಿದಾಗ ಈ ಕೋಶಗಳು ತಮ್ಮಲ್ಲಿರುವುದನ್ನು ಹೊರಚೆಲ್ಲುತ್ತವೆ. ಆಗ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಅವುಗಳಿಂದ ನೀರು ಒಸರುತ್ತದೆ, ನರದ ತುದಿಗಳು ಕೆರಳುತ್ತವೆ. ಹೊರಗೆ ಕಾಣುವುದು ಕೆಂಪು, ಊತ, ತುರಿಕೆ, ಸೀನು, ಸೋರುವ ಮೂಗು. 1910ರ ಸುಮಾರಿಗೆ ಲಂಡನ್ನಿನಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಈ ವಸ್ತುವಿನ ಗುಣಗಳನ್ನು ವಿವರಿಸಿದರು. ಅದನ್ನು ತಡೆಯುವ ಮೊದಲ ಸಂಯುಕ್ತ 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಅವರ ಕೆಲಸದಿಂದ ಹೊರಬಂತು; ಆದರೆ ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ಬೋವೆ ಅವರಿಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1940ರ ದಶಕದಲ್ಲಿ ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಕ್ಲೋರ್‌ಫೆನಿರಮಿನ್ ಒಂದರ ಹಿಂದೊಂದು ಬಂದವು. ಮುಕ್ಕಾಲು ಶತಮಾನ ಕಳೆದ ಮೇಲೂ ಮೆಡಿಕಲ್ ಅಂಗಡಿಯ ಮಕ್ಕಳ ಸಿರಪ್‌ಗಳಲ್ಲಿ ಹೆಚ್ಚು ಕಾಣುವುದು ಈ ಹಳೆಯ ಔಷಧಗಳೇ.

ಹಿಸ್ಟಮಿನ್ ತನ್ನ ಕೆಲಸ ಮಾಡಬೇಕಾದರೆ ಜೀವಕೋಶದ ಮೇಲಿನ ಗ್ರಾಹಕವೊಂದಕ್ಕೆ ಹೋಗಿ ಅಂಟಿಕೊಳ್ಳಬೇಕು. ಅಲರ್ಜಿಗೆ ಸಂಬಂಧಪಟ್ಟ ಗ್ರಾಹಕಕ್ಕೆ ಎಚ್-1 ಎಂದು ಹೆಸರು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಹಿಸ್ಟಮಿನ್ ತಡೆಯುವ ಔಷಧ, ಅಂದರೆ ಆಂಟಿಹಿಸ್ಟಮಿನ್, ಈ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಹಾಗಾಗಿ ಅದು ಇನ್ನು ಬರಲಿರುವ ತುರಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಈಗಾಗಲೇ ಎದ್ದ ಊತವನ್ನು ಕೂಡಲೇ ಇಳಿಸಲಾರದು. ಔಷಧ ಕೊಟ್ಟು ಅರ್ಧ ಗಂಟೆಯಾದರೂ ಗಂಧೆ ಇಳಿಯಲಿಲ್ಲವೆಂದು ಇನ್ನೊಂದು ಚಮಚ ಕುಡಿಸುವ ತಪ್ಪು ಆಗುವುದು ಇದು ತಿಳಿಯದೆ. ಸೆಟಿರಿಜಿನ್‌ನಂಥ ಔಷಧ ಕೆಲಸ ಶುರುಮಾಡಲು ಸುಮಾರು ಒಂದು ಗಂಟೆ ಬೇಕು. ಶುರುವಾದರೆ ಅದರ ಪರಿಣಾಮ ದಿನವಿಡೀ ಇರುತ್ತದೆ.

ಹಿಸ್ಟಮಿನ್‌ಗೆ ಮಿದುಳಿನಲ್ಲಿ ಬೇರೆಯದೇ ಕೆಲಸವಿದೆ. ಅಲ್ಲಿ ಅದು ಎಚ್ಚರ ಕಾಯುವ ವಸ್ತು. ಹಳೆಯ ತಲೆಮಾರಿನ ಔಷಧಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟಿ ಈ ಎಚ್ಚರವನ್ನೂ ಕುಗ್ಗಿಸುತ್ತವೆ. ಸಿರಪ್ ಕುಡಿದ ಮಗು ತೂಕಡಿಸುವುದಕ್ಕೆ ಕಾರಣ ಇದು. ಆ ನಿದ್ದೆ ಕಾಯಿಲೆ ವಾಸಿಯಾಗುತ್ತಿರುವ ಗುರುತಲ್ಲ. ಈ ಔಷಧಗಳು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಕೆಲಸವನ್ನೂ ತಡೆಯುತ್ತವೆ. ಬಾಯಿ ಒಣಗುತ್ತದೆ, ಕಫ ಗಟ್ಟಿಯಾಗುತ್ತದೆ, ಎದೆ ಬಡಿತ ಏರುತ್ತದೆ, ಮೂತ್ರ ಸರಿಯಾಗಿ ಹೋಗುವುದಿಲ್ಲ, ಮಲ ಕಟ್ಟುತ್ತದೆ. ಕೆಲವು ಮಕ್ಕಳಲ್ಲಿ ಎಲ್ಲವೂ ತಿರುಗುಮುರುಗು: ಮಂಪರಿನ ಬದಲು ಚಡಪಡಿಕೆ, ಕೂಗಾಟ, ರಾತ್ರಿಯಿಡೀ ನಿದ್ದೆಗೇಡು. ಎಳೆಯ ವಯಸ್ಸಿನಲ್ಲಿ ಈ ವಿಪರೀತ ಪ್ರತಿಕ್ರಿಯೆ ಅಪರೂಪವೇನಲ್ಲ. ಔಷಧದಿಂದಲೇ ರಚ್ಚೆ ಹಿಡಿದ ಮಗುವಿಗೆ ಡೋಸ್ ಸಾಲಲಿಲ್ಲವೆಂದು ಮತ್ತೆ ಅದನ್ನೇ ಕುಡಿಸಿದರೆ ಅಪಾಯ ಎರಡು ಪಟ್ಟಾಗುತ್ತದೆ.

ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಲೀವೊಸೆಟಿರಿಜಿನ್ ಇವು ಎರಡನೆಯ ತಲೆಮಾರಿನವು. ಮಿದುಳಿಗೆ ಇವು ದಾಟುವುದು ಬಹಳ ಕಡಿಮೆ. ಅತಿ ಕಡಿಮೆ ದಾಟುವುದು ಫೆಕ್ಸೊಫೆನಡಿನ್. ಸೆಟಿರಿಜಿನ್ ಕೆಲವು ಮಕ್ಕಳಿಗೆ ತೂಕಡಿಕೆ ತರುವುದುಂಟು. ಈ ತಲೆಮಾರು ಕಳಂಕವಿಲ್ಲದೆ ಬಂದದ್ದೂ ಅಲ್ಲ. ಮೊದಮೊದಲು ಬಂದ ಟರ್ಫೆನಡಿನ್ ಮತ್ತು ಅಸ್ಟೆಮಿಜೋಲ್ ಹೃದಯದ ಲಯ ಕೆಡಿಸುತ್ತವೆಂದು ತಿಳಿದು 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದವು. ಟರ್ಫೆನಡಿನ್ ದೇಹದೊಳಗೆ ಮಾರ್ಪಟ್ಟಾಗ ಸಿಗುವ, ಹೃದಯಕ್ಕೆ ತೊಂದರೆ ಕೊಡದ ರೂಪವೇ ಫೆಕ್ಸೊಫೆನಡಿನ್. ಹಾಗೆಯೇ ಹಳೆಯ ಹೈಡ್ರಾಕ್ಸಿಜಿನ್ ದೇಹದಲ್ಲಿ ಸೆಟಿರಿಜಿನ್ ಆಗಿ ಬದಲಾಗುತ್ತದೆ. ಎಳೆಯ ಮಕ್ಕಳಲ್ಲಿ ಸೆಟಿರಿಜಿನ್‌ನ ಸುರಕ್ಷತೆಯನ್ನು ಜಾಗರೂಕತೆಯಿಂದ ಪರೀಕ್ಷಿಸಿದ ದೊಡ್ಡ ಪ್ರಯೋಗವೊಂದಿದೆ. ಅದರಲ್ಲಿ ಒಂದರಿಂದ ಎರಡು ವರ್ಷದ, ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಇದ್ದ ಮಕ್ಕಳಿಗೆ ಹದಿನೆಂಟು ತಿಂಗಳು ಸತತವಾಗಿ ಔಷಧ ಕೊಟ್ಟು, ಹುಸಿ ಔಷಧ ಪಡೆದ ಮಕ್ಕಳೊಂದಿಗೆ ಹೋಲಿಸಲಾಯಿತು. 1990ರ ದಶಕದ ಕೊನೆಗೆ ಫಲಿತಾಂಶ ಪ್ರಕಟವಾಯಿತು. ಬೆಳವಣಿಗೆ, ನಡವಳಿಕೆ, ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1940ರ ದಶಕದ ಔಷಧಗಳನ್ನು ಎಳೆಯ ಮಕ್ಕಳಲ್ಲಿ ಹೀಗೆ ದೀರ್ಘಕಾಲ ಪರೀಕ್ಷಿಸಿ ನೋಡಿದ್ದಿಲ್ಲ. ಬಹಳ ಕಾಲದಿಂದ ಬಳಕೆಯಲ್ಲಿದೆ ಎನ್ನುವುದನ್ನೇ ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವ ರೂಢಿ ಔಷಧದ ಅಂಗಡಿಗೂ ಮನೆಗೂ ಸಮಾನ.

ಆಂಟಿಹಿಸ್ಟಮಿನ್‌ಗಳು ನಿಜವಾಗಿ ಕೆಲಸಕ್ಕೆ ಬರುವ ಸಂದರ್ಭಗಳು ಕೆಲವೇ. ಮೊದಲನೆಯದು ಪಿತ್ತದ ಗಂಧೆ. ಚರ್ಮದ ಮೇಲೆ ದಿಢೀರನೆ ಎದ್ದು, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವ ಈ ದದ್ದುಗಳಿಗೆ ಚಿಕ್ಕ ಮಕ್ಕಳಲ್ಲಿ ಬಹುಪಾಲು ವೈರಸ್ ಸೋಂಕು ಕಾರಣ. ನಿನ್ನೆ ತಿಂದ ಬದನೆಕಾಯಿಯ ಮೇಲೆ ಹೊರಿಸುವ ಆರೋಪ ಹೆಚ್ಚಿನ ಸಲ ಸುಳ್ಳು. ಕೆಲವು ದಿನಗಳಲ್ಲಿ ಅದು ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ತುರಿಕೆ ತಡೆಯಲು ಸೆಟಿರಿಜಿನ್ ಅಥವಾ ಲೊರಾಟಡಿನ್ ಸಾಕು. ಗಂಧೆ ಎದ್ದ ಮೈಯನ್ನು ಕಂಬಳಿಯಿಂದ ಉಜ್ಜುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಉಜ್ಜಿದಷ್ಟೂ ಮಾಸ್ಟ್ ಕೋಶಗಳು ಕೆರಳಿ ಗಂಧೆ ಹೆಚ್ಚಬಹುದು; ತಣ್ಣೀರಿನ ಬಟ್ಟೆ ಅದಕ್ಕಿಂತ ಹಿತ. ಎರಡನೆಯದು ಮೂಗಿನ ಅಲರ್ಜಿ: ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ನೀರಿನಂತೆ ಸೋರುವ ಮೂಗು, ಕಣ್ಣಿನ ತುರಿಕೆ, ಜ್ವರ ಮಾತ್ರ ಇಲ್ಲ. ಮನೆಧೂಳಿನ ನುಸಿ ಮತ್ತು ಹೂವಿನ ಪರಾಗ ಇದಕ್ಕೆ ಸಾಮಾನ್ಯ ಕಾರಣ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇಲ್ಲಿ ಹೆಸರಾದ ಅಪರಾಧಿ. ಮೂಗು ಸದಾ ಕಟ್ಟಿಕೊಂಡೇ ಇರುವ ಮಗುವಿಗೆ ಮಾತ್ರ ಆಂಟಿಹಿಸ್ಟಮಿನ್‌ಗಿಂತ ವೈದ್ಯರು ಬರೆಯುವ ಮೂಗಿನ ಸ್ಪ್ರೇ ಹೆಚ್ಚು ಉಪಯೋಗ. ಮೂರನೆಯದು ಸೊಳ್ಳೆ, ಇರುವೆ ಕಚ್ಚಿದಲ್ಲಿ ಏಳುವ ದಪ್ಪ ದದ್ದು. ಎಕ್ಸಿಮಾದ ತುರಿಕೆಗೆ ಇವು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಚರ್ಮಕ್ಕೆ ಜಿಡ್ಡು ಹಚ್ಚುವುದೇ ಮುಖ್ಯ ಚಿಕಿತ್ಸೆ.

ಆದರೆ ಮನೆಗಳಲ್ಲಿ ಆಂಟಿಹಿಸ್ಟಮಿನ್ ಹೆಚ್ಚು ಖರ್ಚಾಗುವುದು ಇವ್ಯಾವುದಕ್ಕೂ ಅಲ್ಲ, ನೆಗಡಿಗೆ. ಎಳೆಯ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಅಂಗನವಾಡಿಗೋ ಪ್ಲೇ ಸ್ಕೂಲಿಗೋ ಹೋಗತೊಡಗಿದ ಮೊದಲ ವರ್ಷ ಇನ್ನೂ ಹೆಚ್ಚು. ನೆಗಡಿ ವೈರಸ್ಸಿನಿಂದ ಬರುವುದು; ಅದರಲ್ಲಿ ಹಿಸ್ಟಮಿನ್‌ನ ಪಾತ್ರ ಅಲ್ಪ. ಮಕ್ಕಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ನೋಡಿದರೆ ನೆಗಡಿಗೆ ಆಂಟಿಹಿಸ್ಟಮಿನ್‌ನಿಂದ ಸ್ಪಷ್ಟ ಪ್ರಯೋಜನ ಕಂಡಿಲ್ಲ. ಹೀಗಿದ್ದೂ ಮಕ್ಕಳ ನೆಗಡಿ ಸಿರಪ್‌ಗಳಲ್ಲಿ ಕ್ಲೋರ್‌ಫೆನಿರಮಿನ್, ಅದರ ಜೊತೆ ಮೂಗು ಬಿಡಿಸಲೆಂದು ಫಿನೈಲೆಫ್ರಿನ್, ಅನೇಕ ಸಲ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ.

ಈ ರೂಢಿಗೆ ದೇಶಗಳು ಒಂದೊಂದಾಗಿ ಕಡಿವಾಣ ಹಾಕುತ್ತ ಬಂದಿವೆ. ಪ್ರೊಮೆಥಜಿನ್‌ನಿಂದ ಎಳೆಯ ಮಕ್ಕಳ ಉಸಿರಾಟ ಕುಗ್ಗಿ ಸಾವು ಸಂಭವಿಸಿದ ವರದಿಗಳನ್ನು ಪರಿಶೀಲಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ, ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದೆಂಬ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧದ ಮಾಹಿತಿಯಲ್ಲಿ ಸೇರಿಸಿತು. 2008ರ ಜನವರಿಯಲ್ಲಿ, ಅಂಗಡಿಯಲ್ಲಿ ನೇರವಾಗಿ ಸಿಗುವ ಯಾವ ಕೆಮ್ಮು-ನೆಗಡಿ ಔಷಧವನ್ನೂ ಎರಡು ವರ್ಷದೊಳಗಿನವರಿಗೆ ಕೊಡಬೇಡಿ ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಯಾರಕರೇ ಆ ಮಿತಿಯನ್ನು ನಾಲ್ಕು ವರ್ಷಕ್ಕೆ ಏರಿಸಿದರು. ಬ್ರಿಟನ್ 2009ರಲ್ಲಿ ಅದನ್ನು ಆರು ವರ್ಷಕ್ಕೆ ನಿಗದಿಪಡಿಸಿತು. ಬ್ರಿಟನ್ನಿನ ನಿಯಮದಲ್ಲೊಂದು ಸೂಕ್ಷ್ಮವಿದೆ. ಅಲ್ಲಿ ಕ್ಲೋರ್‌ಫೆನಿರಮಿನ್ ಅನ್ನು ಅಲರ್ಜಿಗಾಗಿ ಒಂದು ವರ್ಷದ ಮಗುವಿಗೂ ಕೊಡಬಹುದು. ನೆಗಡಿಗಾಗಿ ಐದು ವರ್ಷದ ಮಗುವಿಗೂ ಕೊಡುವಂತಿಲ್ಲ. ಔಷಧ ಅದೇ, ಬಾಟಲಿಯೊಳಗಿನ ಅಪಾಯವೂ ಅದೇ. ಅಲರ್ಜಿಯಲ್ಲಿ ಆ ಅಪಾಯಕ್ಕೆ ಪ್ರತಿಯಾಗಿ ಲಾಭವೊಂದಿದೆ, ನೆಗಡಿಯಲ್ಲಿ ಇಲ್ಲ. ಎಳೆಯ ಮಕ್ಕಳ ಔಷಧದಲ್ಲಿ ಸುರಕ್ಷತೆ ಎಂದರೆ ಈ ಲೆಕ್ಕವೇ. ‘ಇದು ಸೇಫಾ?’ ಎಂಬ ಪ್ರಶ್ನೆಗೆ ‘ಯಾವುದಕ್ಕೆ?’ ಎಂದು ಮರುಪ್ರಶ್ನೆ ಕೇಳದೆ ಉತ್ತರ ಹೇಳಲಾಗದು.

ಭಾರತದಲ್ಲಿ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಜೋಡಿ ಡ್ರಾಪ್ಸ್‌ನ ಮೇಲೆ ‘ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು’ ಎಂದು ಮುದ್ರಿಸಬೇಕೆಂದು ತಯಾರಕರಿಗೆ ಸೂಚಿಸಿದರು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ಬಹುತೇಕ ಐದು ವರ್ಷದೊಳಗಿನವರು, ಮೂತ್ರಪಿಂಡ ಸೋತು ಸತ್ತರು. ಅವರು ಕುಡಿದಿದ್ದ ನೆಗಡಿ ಸಿರಪ್‌ನಲ್ಲಿ ಇರಬೇಕಾಗಿದ್ದ ಔಷಧಗಳಲ್ಲಿ ಕ್ಲೋರ್‌ಫೆನಿರಮಿನ್ ಒಂದು, ಕೊಂದದ್ದು ಅದಲ್ಲ. ಔಷಧ ಕರಗಿಸುವ ದ್ರವದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ವಿಷ ಸೇರಿತ್ತು. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ, ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲೂ ಒಂದು ಪ್ರೊಮೆಥಜಿನ್ ದ್ರಾವಣ. ಇಂಥ ಕಲಬೆರಕೆಯನ್ನು ಮನೆಯಲ್ಲಿ ಮೂಸಿಯೋ ರುಚಿ ನೋಡಿಯೋ ಪತ್ತೆಹಚ್ಚಲಾಗದು. ಅದು ತಯಾರಕರ ಮತ್ತು ಸರ್ಕಾರದ ಹೊಣೆ. ತಾಯಿತಂದೆಯ ಕೈಯಲ್ಲಿರುವುದು ಇಷ್ಟೇ: ಬೇಡದ ಸಿರಪ್ ಅನ್ನು ಬಾಯಿಗೆ ಹಾಕದಿರುವುದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿದ್ದೂ ಅದನ್ನೇ: ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧ ಬರೆಯಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಿಫಾರಸಿಲ್ಲ. ಕರ್ನಾಟಕದ ಆರೋಗ್ಯ ಇಲಾಖೆಯೂ ಆ ತಿಂಗಳು ಎರಡು ವರ್ಷದೊಳಗಿನ ಮಕ್ಕಳ ಬಗ್ಗೆ ಇದೇ ಸಲಹೆ ಹೊರಡಿಸಿತು. ಮೂಗು ಕಟ್ಟಿದ ಕೂಸಿಗೆ ಉಪ್ಪುನೀರಿನ ಮೂಗಿನ ಡ್ರಾಪ್ಸ್, ಪದೇ ಪದೇ ಎದೆಹಾಲು. ವರ್ಷ ದಾಟಿದ ಮಗುವಿನ ಕೆಮ್ಮಿಗೆ ಒಂದಿಷ್ಟು ಜೇನು. ವರ್ಷದೊಳಗಿನ ಮಗುವಿಗೆ ಜೇನು ಸಲ್ಲದು, ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವಿದೆ.

ನಿದ್ದೆಗೆಂದು ಕೊಡುವುದು ಇನ್ನೊಂದು ರೂಢಿ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಎದ್ದೆದ್ದು ಅಳುವ ಮಗು, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ತಾಯಿ, ಕಪಾಟಿನಲ್ಲಿ ಹಿಂದಿನ ನೆಗಡಿಯ ಅರ್ಧ ಬಾಟಲಿ. ಒತ್ತಡ ಅರ್ಥವಾಗುವಂಥದೇ. ಆದರೆ ಲಾಭವೂ ಇಲ್ಲ. ಆರರಿಂದ ಹದಿನೈದು ತಿಂಗಳ ಕೂಸುಗಳಿಗೆ ನಿದ್ದೆಗಾಗಿ ಡೈಫೆನ್‌ಹೈಡ್ರಮಿನ್ ಕೊಟ್ಟು ನೋಡಿದ, 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಅದು ಹುಸಿ ಔಷಧಕ್ಕಿಂತ ಮೇಲೆನಿಸಲಿಲ್ಲ. ಆರು ತಿಂಗಳೊಳಗಿನ ಕೂಸಿಗೆ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಮಂಪರು ತರಿಸುವ ಔಷಧ ಕೊಟ್ಟರೆ ಉಸಿರಾಟ ನಿಧಾನಿಸುವ ಅಪಾಯವೂ ಇದೆ. ಮಗುವಿಗೆ ಔಷಧ ಕುಡಿಸುವ ಅಧಿಕಾರ ಯಾರಿಗಿದೆ ಎಂಬುದು ಮನೆಯಲ್ಲಿ ಸ್ಪಷ್ಟವಿರಬೇಕು. ಅಜ್ಜಿ ಒಮ್ಮೆ, ಅಮ್ಮ ಒಮ್ಮೆ, ಮಗು ನೋಡಿಕೊಳ್ಳುವ ಆಯಾ ಒಮ್ಮೆ ಕೊಟ್ಟು ಒಂದೇ ಸಂಜೆ ಮೂರು ಡೋಸ್ ಆಗುವುದು ಅಸಾಧ್ಯವೇನಲ್ಲ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟರೆ ಸಾಕು.

ಆಗುಂಬೆ, ಚಾರ್ಮಾಡಿ ಘಾಟಿಗಳ ತಿರುವಿನಲ್ಲಿ ವಾಂತಿಯಾಗದಿರಲೆಂದು ದೊಡ್ಡವರು ನುಂಗುವ ಮಾತ್ರೆಗಳಲ್ಲೂ ಇರುವುದು ಪ್ರೊಮೆಥಜಿನ್ ಅಥವಾ ಅದರ ಬಳಗದ ಔಷಧಗಳೇ. ಎರಡು ವರ್ಷದೊಳಗಿನವರಿಗೆ ಪ್ರಯಾಣದ ವಾಂತಿ ಅಷ್ಟಾಗಿ ಬಾಧಿಸುವುದೂ ಇಲ್ಲ, ಆ ಔಷಧ ಅವರಿಗೆ ನಿಷಿದ್ಧವೂ ಹೌದು. ಅದಕ್ಕಿಂತ ದೊಡ್ಡ ಮಗುವಿಗೆ ವೈದ್ಯರು ಬರೆದಿದ್ದರೆ ಹೊರಡುವ ಮುನ್ನವೇ ಕೊಡಬೇಕು; ವಾಂತಿ ಶುರುವಾದ ಮೇಲೆ ಕೊಟ್ಟು ಫಲವಿಲ್ಲ.

ಹಸಿವಿಗೆಂದು ಕೊಡುವ ಸಿರಪ್‌ನ ಕಥೆ ಬೇರೆ. ‘ಮಗು ಏನೂ ತಿನ್ನಲ್ಲ’ ಎಂಬ ದೂರಿಗೆ ಅಂಗಡಿಯಲ್ಲಿ ಎತ್ತಿಕೊಡುವ ಟಾನಿಕ್‌ಗಳಲ್ಲಿ ಕೆಲವದರೊಳಗೆ ಸೈಪ್ರೊಹೆಪ್ಟಡಿನ್ ಇರುತ್ತದೆ. ಅದು ಮಂಪರು ತರಿಸುವ ಹಳೆಯ ಆಂಟಿಹಿಸ್ಟಮಿನ್. ಸೆರೊಟೋನಿನ್ ಎಂಬ ರಾಸಾಯನಿಕವನ್ನೂ ತಡೆಯುವುದರಿಂದ ಹಸಿವು ಹೆಚ್ಚಿದಂತೆ ಕಾಣುತ್ತದೆ, ಬಿಟ್ಟ ಮೇಲೆ ಹಸಿವು ಮೊದಲಿನ ಮಟ್ಟಕ್ಕೇ ಇಳಿಯುವುದುಂಟು. ತಜ್ಞರು ಕೆಲವು ನಿರ್ದಿಷ್ಟ ಕಾಯಿಲೆಗಳಲ್ಲಿ ಅದನ್ನು ಬಳಸುತ್ತಾರೆ. ಆಟವಾಡಿಕೊಂಡು ಚೆನ್ನಾಗಿ ಬೆಳೆಯುತ್ತಿರುವ ಎರಡು ವರ್ಷದ ಮಗು ಊಟಕ್ಕೆ ಮುಖ ತಿರುಗಿಸುವುದು ಕಾಯಿಲೆಯಲ್ಲ. ಇನ್ನೂ ಕಳವಳದ ಸಂಗತಿಯೆಂದರೆ ಅದೇ ಮಗುವಿಗೆ ನೆಗಡಿಯಾದಾಗ ಈ ಟಾನಿಕ್ಕಿನ ಮೇಲೆ ನೆಗಡಿ ಸಿರಪ್ಪೂ ಸೇರುತ್ತದೆ. ಒಂದೇ ಬಗೆಯ ಎರಡು ಔಷಧ ಮೈಗೆ ಹೋಗುತ್ತಿವೆ ಎಂಬುದು ಬಾಟಲಿಗಳ ಹಿಂಬದಿ ಓದದ ಹೊರತು ಗೊತ್ತಾಗುವುದಿಲ್ಲ.

ಓದಬೇಕಾದದ್ದು ಹಿಂಬದಿಯ ಸಣ್ಣ ಅಕ್ಷರವನ್ನೇ. ಮುಂಬದಿಯ ದೊಡ್ಡ ಹೆಸರು ಕಂಪನಿಯದು. ಒಂದೇ ಹೆಸರಿನ ಕೊನೆಗೆ ‘ಪ್ಲಸ್’, ‘ಕೋಲ್ಡ್’, ‘ಡಿಎಸ್’ ಎಂಬ ಬಾಲ ಅಂಟಿಕೊಂಡರೆ ಒಳಗಿನ ಸರಕು ಅಥವಾ ಅದರ ಪ್ರಮಾಣ ಬದಲಾಗಿರುತ್ತದೆ. ಔಷಧದ ಹೆಸರು, ಅದರ ಮುಂದೆ ಮಿಲಿಗ್ರಾಂ, ಅದರ ಮೇಲೆ ‘ಪ್ರತಿ 5 ಎಂ.ಎಲ್.’ ಅಥವಾ ‘ಪ್ರತಿ 1 ಎಂ.ಎಲ್.’ ಎಂಬ ಮಾತು. ಈ ಕೊನೆಯದೇ ಅತಿ ಮುಖ್ಯ. ಸಿರಪ್‌ನ ಲೆಕ್ಕ ಸಾಮಾನ್ಯವಾಗಿ 5 ಎಂ.ಎಲ್.ಗೆ, ಡ್ರಾಪ್ಸ್‌ನ ಲೆಕ್ಕ 1 ಎಂ.ಎಲ್.ಗೆ. ಕೂಸಿಗೆಂದು ಮಾಡಿದ ಡ್ರಾಪ್ಸ್ ತೆಳುವಾಗಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ಸಿರಪ್‌ಗಿಂತ ಗಾಢ. ಮೇಲೆ ಹೇಳಿದ ಜೋಡಿ ಡ್ರಾಪ್ಸ್‌ನ 1 ಎಂ.ಎಲ್.ನಲ್ಲಿ 2 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದನ್ನೇ ಸಿರಪ್ ಎಂದು ತಿಳಿದು ಒಂದು ಚಮಚ, ಅಂದರೆ 5 ಎಂ.ಎಲ್., ಕುಡಿಸಿದರೆ 10 ಮಿಲಿಗ್ರಾಂ ಆಯಿತು. ಎರಡರಿಂದ ಐದು ವರ್ಷದ ಮಗುವಿಗೆ ಅಲರ್ಜಿಗಾಗಿ ಬ್ರಿಟನ್ನಿನಲ್ಲಿ ಇಡೀ ದಿನಕ್ಕೆ ಹಾಕಿರುವ ಮಿತಿ 6 ಮಿಲಿಗ್ರಾಂ. ವೈದ್ಯರ ಚೀಟಿಯಲ್ಲಿ ಬರೀ ‘ಅರ್ಧ ಚಮಚ’ ಎಂದಿದ್ದರೆ ಎಷ್ಟು ಎಂ.ಎಲ್. ಎಂದು ಕೇಳಿ ಬರೆಸಿಕೊಳ್ಳುವುದು ಮೇಲು.

ಅಡುಗೆಮನೆಯ ಟೀ ಚಮಚಗಳು ಒಂದೇ ಅಳತೆಯವಲ್ಲ, 3 ಎಂ.ಎಲ್. ಹಿಡಿಯುವುದೂ ಉಂಟು, 7 ಎಂ.ಎಲ್. ಹಿಡಿಯುವುದೂ ಉಂಟು. ಬಾಟಲಿಯ ಮುಚ್ಚಳದ ಅಳತೆಗೆರೆಗಳು 2.5 ಎಂ.ಎಲ್.ನಂಥ ಸಣ್ಣ ಪ್ರಮಾಣಕ್ಕೆ ಒರಟು. ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಅಳತೆಯ ಸಾಧನವಿಲ್ಲ. ಮಗುವನ್ನು ಒರಗಿಸಿ ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಬೇಕು. ನೇರ ಗಂಟಲಿಗೆ ಹಾರಿಸಿದರೆ ಉಸಿರುದಾರಿಗೆ ಹೋಗುವ ಅಪಾಯ. ಒಳಲೆಯಲ್ಲಿ ಹಾಕಿ ಕುಡಿಸುವುದಾದರೂ ಮೊದಲು ಸಿರಿಂಜಿನಲ್ಲಿ ಅಳೆದೇ ಒಳಲೆಗೆ ಹಾಕಬೇಕು, ತಳದಲ್ಲಿ ಉಳಿದದ್ದನ್ನು ಒಂದಿಷ್ಟು ನೀರು ಬೆರೆಸಿ ಕುಡಿಸಬೇಕು. ಬಾಟಲಿ ತುಂಬ ಹಾಲಿಗೆ ಬೆರೆಸಿದರೆ ಮಗು ಅರ್ಧಕ್ಕೆ ಬಿಟ್ಟಾಗ ಎಷ್ಟು ಹೋಯಿತೆಂದು ತಿಳಿಯದು. ದೊಡ್ಡವರ 10 ಮಿಲಿಗ್ರಾಂ ಮಾತ್ರೆಯನ್ನು ಮುರಿದು ತೇಯ್ದು ನೆಕ್ಕಿಸುವುದೂ ಬೇಡ. ಕಾಲು ಭಾಗ ಎಂದು ಕಣ್ಣಳತೆಯಲ್ಲಿ ಮುರಿದ ಚೂರು ಕಾಲೇ ಆಗಿರುವುದಿಲ್ಲ. ಕುಡಿಸಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ವೈದ್ಯರನ್ನು ಕೇಳದೆ ಮತ್ತೆ ಕೊಡಬಾರದು. ಒಂದು ಡೋಸ್ ಮರೆತುಹೋದರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ಕೊಡುವುದೂ ಇಲ್ಲ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಪ್ರಮಾಣಗಳು ಹೀಗಿವೆ. ಇವು ವೈದ್ಯರ ಚೀಟಿಯನ್ನು ತಾಳೆ ನೋಡಲಿಕ್ಕೇ ಹೊರತು ಚೀಟಿಯ ಬದಲಿಗಲ್ಲ. ಎರಡರಿಂದ ಐದು ವರ್ಷದ ಮಗುವಿಗೆ ಸೆಟಿರಿಜಿನ್ ದಿನಕ್ಕೊಮ್ಮೆ 2.5 ಮಿಲಿಗ್ರಾಂ, ಬೇಕಾದರೆ ಎರಡು ಸಲ. ದಿನಕ್ಕೆ 5 ಮಿಲಿಗ್ರಾಂ ಮೀರುವುದಿಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗೆ ವೈದ್ಯರು ನೋಡಿ ಬರೆದರೆ ಮಾತ್ರ. ಲೀವೊಸೆಟಿರಿಜಿನ್ ಸೆಟಿರಿಜಿನ್‌ನ ಕೆಲಸ ಮಾಡುವ ಅರ್ಧಭಾಗವಾದ್ದರಿಂದ ಅದರ ಪ್ರಮಾಣವೂ ಅರ್ಧ, ದಿನಕ್ಕೊಮ್ಮೆ 1.25 ಮಿಲಿಗ್ರಾಂ. ಹೆಸರು ಹತ್ತಿರವಿರುವ ಈ ಎರಡನ್ನು ಅದಲುಬದಲು ಮಾಡಿದರೆ ಡೋಸ್ ದುಪ್ಪಟ್ಟಾಗಬಹುದು. ಲೊರಾಟಡಿನ್ ಎರಡು ವರ್ಷದ ಮೇಲಿನವರಿಗೆ ದಿನಕ್ಕೊಮ್ಮೆ 5 ಮಿಲಿಗ್ರಾಂ. ಫೆಕ್ಸೊಫೆನಡಿನ್ ಎರಡು ವರ್ಷದ ಮೇಲೆ 30 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅದನ್ನು ಕಿತ್ತಳೆ, ಸೇಬಿನ ರಸದ ಜೊತೆ ಕೊಟ್ಟರೆ ಕರುಳು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ನೀರೇ ಸರಿ. ಮೂತ್ರಪಿಂಡದ ತೊಂದರೆ ಇರುವ ಮಗುವಿಗೆ ಸೆಟಿರಿಜಿನ್, ಲೀವೊಸೆಟಿರಿಜಿನ್, ಫೆಕ್ಸೊಫೆನಡಿನ್ ಪ್ರಮಾಣ ತಗ್ಗಬೇಕು. ಫಿಟ್ಸ್ ಬರುವ ಮಗುವಿಗೆ ಹಳೆಯ ತಲೆಮಾರಿನವು ಬೇಡ. ಹೃದಯದ ಲಯದ ತೊಂದರೆ ಇದ್ದರೆ ಹೈಡ್ರಾಕ್ಸಿಜಿನ್ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ಅದರ ಪ್ರಮಾಣಕ್ಕೆ ಮಿತಿ ಹೇರಿತು.

ಈಚೆಗೆ ಮಕ್ಕಳ ಚೀಟಿಗಳಲ್ಲಿ ಲೀವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಎಂಬ ಬೇರೆ ಬಗೆಯ ಅಲರ್ಜಿ ಔಷಧ ಸೇರಿದ ಸಿರಪ್ ಬಹಳ ಕಾಣುತ್ತಿದೆ. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ದುಃಸ್ವಪ್ನ, ಸಿಡುಕು, ಮನಸ್ಸಿನ ಏರುಪೇರು ಉಂಟಾಗುವುದೆಂದು ಎಫ್‌ಡಿಎ 2020ರಲ್ಲಿ ಗಂಭೀರ ಎಚ್ಚರಿಕೆ ಕೊಟ್ಟು, ಸೌಮ್ಯವಾದ ಮೂಗಿನ ಅಲರ್ಜಿಗೆ ಬೇರೆ ಔಷಧಗಳನ್ನೇ ಮೊದಲು ನೋಡಬೇಕೆಂದಿತು. ಒಂದು ಸಾಕಾದಲ್ಲಿ ಎರಡು ಏಕೆ ಎಂದು ವೈದ್ಯರನ್ನು ಕೇಳುವುದು ಅಧಿಕಪ್ರಸಂಗವಲ್ಲ.

ಬಾಯಿಯಿಂದ ಹೋಗುವುದಷ್ಟೇ ಔಷಧವಲ್ಲ. ಡೈಫೆನ್‌ಹೈಡ್ರಮಿನ್ ಬೆರೆಸಿದ ಕ್ಯಾಲಮೈನ್ ಲೋಶನ್‌ಗಳಿವೆ. ಸೀತಾಳೆ ಸಿಡುಬಿನಲ್ಲಿ, ಅಂದರೆ ಚಿಕನ್ ಪಾಕ್ಸ್‌ನಲ್ಲಿ, ಮೈತುಂಬ ಒಡೆದ ಗುಳ್ಳೆಗಳ ಮೇಲೆ ಅದನ್ನು ದಿನಕ್ಕೆ ನಾಲ್ಕಾರು ಸಲ ಬಳಿದಾಗ ಚರ್ಮದ ಮೂಲಕವೇ ರಕ್ತಕ್ಕೆ ಸೇರಿ ಮಕ್ಕಳು ಭ್ರಮೆಗೊಳಗಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಬರೀ ಕ್ಯಾಲಮೈನ್ ಆದರೆ ಈ ಭಯವಿಲ್ಲ. ಎದೆಹಾಲೂ ಒಂದು ದಾರಿ. ಬಾಣಂತಿ ಮಂಪರಿನ ಹಳೆಯ ಆಂಟಿಹಿಸ್ಟಮಿನ್ ನುಂಗಿದರೆ ಕೂಸು ತೂಕಡಿಸಿ ಹಾಲು ಕುಡಿಯುವುದು ಕಡಿಮೆಯಾಗಬಹುದು; ಅವಳಿಗೆ ಬೇಕಾದಾಗ ಲೊರಾಟಡಿನ್ ಅಥವಾ ಸೆಟಿರಿಜಿನ್ ಉತ್ತಮ ಆಯ್ಕೆ.

ಆಂಟಿಹಿಸ್ಟಮಿನ್ ಅನ್ನು ನಂಬಿ ಕೂರಬಾರದ ಒಂದು ಸಂದರ್ಭವಿದೆ. ಕಡಲೆಕಾಯಿ, ಮೊಟ್ಟೆ, ಹಾಲು ತಿಂದ ಕೆಲವೇ ನಿಮಿಷಗಳಲ್ಲಿ, ಜೇನು ಅಥವಾ ಕಣಜ ಕಚ್ಚಿದಾಗ, ಇಲ್ಲವೇ ಇಂಜೆಕ್ಷನ್ ಆದ ಮೇಲೆ ಗಂಧೆಯ ಜೊತೆಗೆ ಉಸಿರಾಟದಲ್ಲಿ ಸುಯ್ಲು, ದನಿ ಒಡೆಯುವುದು, ನಾಲಗೆ ಊದುವುದು, ಮತ್ತೆ ಮತ್ತೆ ವಾಂತಿ, ಮಗು ಬಿಳಿಚಿ ಜೋಲುಬೀಳುವುದು ಕಂಡರೆ ಅದು ಅನಫಿಲಾಕ್ಸಿಸ್. ಅಲ್ಲಿ ಹಿಸ್ಟಮಿನ್ ಜೊತೆ ಇನ್ನೂ ಹಲವು ರಾಸಾಯನಿಕಗಳು ಹೊರಬಿದ್ದಿರುತ್ತವೆ. ಸಿರಪ್ ರಕ್ತದೊತ್ತಡ ಏರಿಸದು, ಉಸಿರುದಾರಿ ಬಿಡಿಸದು. ಜೀವ ಉಳಿಸುವುದು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್, ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಅದು ಸಾವಿರಕ್ಕೊಂದರ ದ್ರಾವಣದಲ್ಲಿ 0.1 ಎಂ.ಎಲ್. ಮಾತ್ರ. ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಡ್ರಿನಲಿನ್ ಇರಲೇಬೇಕು. ದೂರದ ದೊಡ್ಡ ಆಸ್ಪತ್ರೆಗೆ ಓಡುವ ಮೊದಲು ಹತ್ತಿರದ ಆ ಕೇಂದ್ರ ನೆನಪಿಗೆ ಬರಬೇಕು. ಸಾಗಿಸುವಾಗ ಮಗುವನ್ನು ಮಲಗಿಸಿ ಕಾಲು ಎತ್ತರಿಸಿಡುವುದು, ಉಸಿರಿಗೆ ಕಷ್ಟವಾದರೆ ಕೂರಿಸಿಕೊಳ್ಳುವುದು.

ಪ್ರಮಾಣ ಮೀರಿ ಹೋದಾಗಿನ ಲಕ್ಷಣಗಳು ಔಷಧದ ತಲೆಮಾರಿನ ಮೇಲೆ ನಿಂತಿವೆ. ಸೆಟಿರಿಜಿನ್ ಹೆಚ್ಚಾದರೆ ಬಹುತೇಕ ಮಂಪರು, ಕೆಲವೊಮ್ಮೆ ಚಡಪಡಿಕೆ. ಹಳೆಯವು ಹೆಚ್ಚಾದರೆ ಮುಖ ಕೆಂಪೇರುತ್ತದೆ, ಚರ್ಮ ಬಿಸಿಯಾಗಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆ ಓಡುತ್ತದೆ, ಇಲ್ಲದ್ದನ್ನು ಹಿಡಿಯಲು ಮಗು ಗಾಳಿಯಲ್ಲಿ ಕೈ ಚಾಚುತ್ತದೆ. ಮುಂದೆ ಫಿಟ್ಸ್, ಹೃದಯದ ಲಯಭಂಗ. ಜ್ವರ ನೆತ್ತಿಗೇರಿದೆ ಎಂದು ಇದನ್ನು ತಪ್ಪಾಗಿ ತಿಳಿಯುವುದು ಸುಲಭ. ಮಗುವಿನ ಕೈಗೆ ಬಾಟಲಿ ಸಿಕ್ಕಿ ಎಷ್ಟು ಕುಡಿದಿದೆಯೆಂದು ಗೊತ್ತಿಲ್ಲದಿದ್ದರೆ ಲಕ್ಷಣಕ್ಕಾಗಿ ಕಾಯದೆ ಹೊರಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಮಂಪರಿನಲ್ಲಿರುವ ಮಗುವಿನ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು, ಉಪ್ಪೇ ಇನ್ನೊಂದು ವಿಷವಾಗಬಹುದು. 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಉಳಿದ ಔಷಧದ ಸಮೇತ ಜೊತೆಗೆ ಒಯ್ಯುವುದು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲುರಾತ್ರಿ ಉಚಿತವಾಗಿ ಸಲಹೆ ಕೊಡುತ್ತದೆ. ಸಂಖ್ಯೆ 1800 116 117.

ಭಾರತದ 1945ರ ಔಷಧ ನಿಯಮಾವಳಿಯ ಅನುಸೂಚಿ ‘ಜಿ’ಯಲ್ಲಿ ಆಂಟಿಹಿಸ್ಟಮಿನ್‌ಗಳು ಸೇರಿವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯಕಾರಿ ಎಂಬ ಮಾತು ಅವುಗಳ ಲೇಬಲ್ ಮೇಲೆ ಇರಬೇಕೆಂಬುದು ಇದರ ಅರ್ಥ. ಆ ಮಾತು ಇರುವುದು ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಅದೂ ಅನೇಕ ಸಲ ಬಿಲ್ಲೆ ಅಂಟಿಸಿದ ಜಾಗದ ಪಕ್ಕ. ಒಮ್ಮೆ ಬರೆದ ಚೀಟಿಯನ್ನು ವರ್ಷಗಟ್ಟಲೆ ತೋರಿಸಿ ಸಿರಪ್ ತರುವ ಪದ್ಧತಿಯಲ್ಲಿ ಇನ್ನೊಂದು ತೊಡಕೂ ಇದೆ: ಮಗುವಿನ ತೂಕ ಬದಲಾಗಿರುತ್ತದೆ, ಕಾಯಿಲೆಯೂ ಬೇರೆಯಾಗಿರಬಹುದು. ಗಂಧೆ ಆರು ವಾರ ದಾಟಿಯೂ ಬರುತ್ತಿದ್ದರೆ, ಮೂಗಿನ ಅಲರ್ಜಿಗೆ ತಿಂಗಳುಗಟ್ಟಲೆ ಔಷಧ ಬೇಕಾಗುತ್ತಿದ್ದರೆ ತಜ್ಞರಿಗೆ ತೋರಿಸಬೇಕು. ಅವರು ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡುವುದಾದರೆ ಅದಕ್ಕೆ ಐದರಿಂದ ಏಳು ದಿನ ಮೊದಲೇ ಆಂಟಿಹಿಸ್ಟಮಿನ್ ನಿಲ್ಲಿಸಿರಬೇಕು, ನೆಗಡಿ ಸಿರಪ್ಪಿನೊಳಗಿರುವುದನ್ನೂ ಸೇರಿಸಿ. ಇಲ್ಲದಿದ್ದರೆ ಅಲರ್ಜಿ ಇದ್ದರೂ ಚರ್ಮದ ಮೇಲೆ ದದ್ದು ಏಳುವುದಿಲ್ಲ.